ಹಾಲವ್ವನ ಕೈನೋವು ಪಾಲಾದದ್ದು

ನಮ್ಮೂರಿನಲ್ಲಿ ತಿಕ್ಕಿ ತೆಗೆದ ನೋವನ್ನು ಎಲ್ಲಾದರೂ ಒಂದು ಕಡೆ ಇಡಬೇಕು. ನೆಲಕ್ಕೆ ಬಿಟ್ಟರೆ ಮೊದಲು ದಾಟಿದವರ ಕಾಲಿಗೆ ಹತ್ತುತ್ತದೆ. ಕಾಲುವೆಗೆ ಬಿಟ್ಟರೆ ಕೆಳಗಿನ ಕೇರಿಯವರು ಸೊಂಟ ಹಿಡಿದುಕೊಂಡು ಜಗಳಕ್ಕೆ ಬರುತ್ತಾರೆ. ಹಿಂದಿನವರು ಕಲ್ಲಿಗೂ ಇಟ್ಟು ನೋಡಿದ್ದರು. ಬಸ್ಸು ನಿಲ್ಲುವಲ್ಲಿ ಇರುವ ಕಲ್ಲುಬೆಂಚು ಆ ಕಾಲದ್ದು. ಈಗಲೂ ಅದರ ಮೇಲೆ ಐದು ನಿಮಿಷ ಕೂತವರು "ಅಯ್ಯಪ್ಪಾ" ಎನ್ನದೆ ಏಳುವುದಿಲ್ಲ, ಹೊರಗಿನವರಾದರೆ ತಾವು ಬಂದ ಬಸ್ಸನ್ನು ಬಯ್ಯುತ್ತಾರೆ. ಹೀಗೆ ಏನೇನೋ ನೋಡಿ ಕೊನೆಗೆ ಹಿರಿಯರು ಬೂದುಗುಂಬಳಕಾಯಿಗೆ ಬಂದು ನಿಂತರು. ದಪ್ಪ ಸಿಪ್ಪೆ, ತಣ್ಣನೆಯ ಹೊಟ್ಟೆ, ಯಾರ ಗೋಜಿಗೂ ಹೋಗದ ಸ್ವಭಾವ.

ಆ ಕಾಯಿ ಬೆಳೆಯುವುದು ನಮ್ಮ ಮನೆಯ ಕೆಲಸ. ನಮ್ಮಪ್ಪ ಬೆಳೆದ, ಈಗ ಚೌಡಪ್ಪನಾದ ನಾನು ಬೆಳೆಯುತ್ತೇನೆ. ಮೈ ತಿಕ್ಕುವವರು ಖಾಲಿ ಕಾಯಿಯನ್ನು ನಮ್ಮ ಹಿತ್ತಲಿಂದ ಒಯ್ಯುತ್ತಾರೆ, ಮಂಚದ ಕೆಳಗೆ ಇಟ್ಟುಕೊಳ್ಳುತ್ತಾರೆ, ನೋವು ಅಂಗೈಗೆ ಬಂದಾಗಲೆಲ್ಲ ಕಾಯಿಯ ಮೈಗೆ ಸವರುತ್ತಾರೆ. ತುಂಬಿದ ಕಾಯಿಯನ್ನು ನಮಗೇ ವಾಪಸು ತಂದುಕೊಡುತ್ತಾರೆ. ನಾನು ಅದರ ಮೇಲೆ ಸುಣ್ಣದಲ್ಲಿ ಒಂದು ಗೆರೆ ಎಳೆದು, ಇದ್ದಿಲಲ್ಲಿ ನೋವಿನ ಯಜಮಾನನ ಹೆಸರು ಬರೆದು ಅಟ್ಟಕ್ಕೆ ಏರಿಸುತ್ತೇನೆ. ಅಲ್ಲಿ ಅದು ನಿಧಾನವಾಗಿ ಒಣಗಬೇಕು. ಅಲ್ಲಾಡಿಸಿದಾಗ ಬೀಜ ಗಿಲಿಗಿಲಿ ಎಂದರೆ ನೋವು ಆರಿತು ಎಂದು ಅರ್ಥ, ಆಮೇಲೆ ತಿಪ್ಪೆಗೆ ಹಾಕಬಹುದು. ಅದಕ್ಕೂ ಮೊದಲು ಕಾಯಿ ಒಡೆದರೆ ನೋವು ಹುಡುಕಿಕೊಂಡು ಯಜಮಾನನ ಹತ್ತಿರವೇ ಹೋಗುತ್ತದೆ. ಒಂದು ಸಲ ಹೆಡ್‌ಮಾಸ್ತರರು ಪಾಠ ಮಾಡುತ್ತಿದ್ದವರು ಇದ್ದಕ್ಕಿದ್ದಂತೆ ಮೊಣಕಾಲು ಹಿಡಿದು ಕೂಗಿಕೊಂಡರು. ಕೂಗು ನಮ್ಮ ಮನೆಗೂ ಕೇಳಿಸಿತು. ನಾನು ಆಗಲೇ ಇಲಿಬೋನು ತರಲು ಅಂಗಡಿಗೆ ಹೊರಟಿದ್ದೆ. ಇನ್ನು ಗೆರೆಯಿದ್ದ ಕಾಯನ್ನು ಯಾರಾದರೂ ಕೊಯ್ದು ಬೇಯಿಸಿ ತಿಂದರೆ ನೋವು ಯಜಮಾನನ ಹತ್ತಿರ ಹೋಗದೆ ತಿಂದವರ ಮೈಗೇ ಇಳಿಯುತ್ತದೆ ಎಂಬುದು ನಮ್ಮೂರಿನ ಕೂಸಿಗೂ ಗೊತ್ತು. ಹಾಗಾಗಿ ಯಾರೂ ತಿಂದಿರಲಿಲ್ಲ.

ತಿಕ್ಕುವವರು ನಮ್ಮಲ್ಲಿ ಬಗೆಬಗೆಯವರು ಇದ್ದಾರೆ. ಗರಡಿಮನೆಯ ದಸ್ತಗಿರಿ ಉಸ್ತಾದರು ಪೈಲ್ವಾನರ ಮಾಲೀಸಿನವರು. ಎಳ್ಳೆಣ್ಣೆ ಹಚ್ಚಿ, ಮೊಣಕೈಯನ್ನು ಬೆನ್ನಿನ ಮೇಲೆ ಲಟ್ಟಣಿಗೆಯ ಹಾಗೆ ಉರುಳಿಸುತ್ತಾರೆ. ಮಲಗಿದವನು "ಸಾಕು ಉಸ್ತಾದ್" ಅಂದರೆ ಅಲ್ಲಿಂದಲೇ ಕೆಲಸ ಶುರು ಎಂದು ಅವರ ಲೆಕ್ಕ. ಹಾಲಿನ ಡೈರಿಯ ಸೆಕ್ರೆಟರಿ ವನಜಾಕ್ಷಿ ಮೇಡಮ್ ಕಾಲು ಮುಂದಾಗಿ ಹುಟ್ಟಿದವರು, ಆದ್ದರಿಂದ ಬೆನ್ನು ಹಿಡಿದುಕೊಂಡವರನ್ನು ಒದೆಯುವ ಹಕ್ಕು ಅವರದು. ಬೆಳಿಗ್ಗೆ ಹಾಲು ಅಳೆಯುವ ಮೊದಲು ಡೈರಿಯ ಗೋಡೆಗೆ ಮುಖ ಮಾಡಿ ಜನ ಸಾಲಾಗಿ ನಿಲ್ಲುತ್ತಾರೆ, ಒಬ್ಬೊಬ್ಬರೂ ಎದೆಗೊಂದು ಕಾಯಿ ಅಪ್ಪಿಕೊಂಡಿರುತ್ತಾರೆ. ಮೇಡಮ್ ಚಪ್ಪಲಿ ಬಿಟ್ಟು, "ಕ್ಷಮಿಸಿ" ಎಂದು ಹೇಳಿ, ಎಡಗಾಲಲ್ಲಿ ಒಂದೇ ಒಂದು ಒದೆ ಕೊಡುತ್ತಾರೆ. ಹಿಂದಿನ ನೋವು ಮುಂದಿನ ಕಾಯಿಗೆ ಹೋಗಿ ಬೀಳುತ್ತದೆ. ಹೊರಗಿನಿಂದ ಒಬ್ಬ ಯುವಕ ಬಂದು ಸರ್ಟಿಫಿಕೇಟನ್ನು ಗೋಡೆಗೆ ತೂಗುಹಾಕಿ, ಊದುಬತ್ತಿ ಹಚ್ಚಿ, ಕೊಳಲಿನ ಸಂಗೀತ ಹಾಕಿ ಒಂದು ಮಸಾಜ್ ಕೇಂದ್ರವನ್ನೂ ತೆರೆದಿದ್ದ. ಕಾಯಿ ಬೇಕೇನಪ್ಪಾ ಎಂದು ನಾನೇ ಕೇಳಲು ಹೋಗಿದ್ದೆ. ನಕ್ಕ. ಹನ್ನೊಂದನೆಯ ದಿನ ಊರಿನ ಹದಿನಾಲ್ಕು ಮೊಣಕಾಲುಗಳ ನೋವು ಹೊತ್ತು ಬಸ್ಸಿನ ಹಿಂದಿನ ಸೀಟಿನಲ್ಲಿ ಉದ್ದಕ್ಕೆ ಮಲಗಿಕೊಂಡು ಹೋದ.

ಇವರೆಲ್ಲರ ಮೇಲೆ ಹಾಲವ್ವ. ಹಾಲವ್ವ ಎರೆಯುವವಳು. ಬಾಣಂತಿಯರಿಗೆ ಹರಳೆಣ್ಣೆ ತಿಕ್ಕಿ, ಹಂಡೆ ಹಂಡೆ ಬಿಸಿನೀರು ಹುಯ್ದು ಸೊಂಟ ಕೂಡಿಸುವುದು, ಕೂಸುಗಳನ್ನು ಚಾಚಿದ ಕಾಲಿನ ಮೇಲೆ ಬೋರಲು ಹಾಕಿಕೊಂಡು ನೀವುವುದು, ತಲೆ ತಟ್ಟಿ ಗುಂಡಗೆ ಮಾಡುವುದು, ಮೂಗು ಎಳೆದು ನೇರ ಮಾಡುವುದು. ಐವತ್ತು ವರ್ಷದಿಂದ ನಮ್ಮೂರಲ್ಲಿ ಹುಟ್ಟಿದ ತಲೆಗಳೆಲ್ಲ ಅವಳು ತಿದ್ದಿದ ತಲೆಗಳು. ಬಾಣಂತಿಯರ ಸೊಂಟಕ್ಕೆಂದು ನಮ್ಮಿಂದ ಕಾಯಿ ಒಯ್ಯುತ್ತಿದ್ದಳು. ಕೂಸುಗಳಿಗೆ ಅಂತ ನಾನು ಕಂಡಂತೆ ಒಂದು ದಿನವೂ ಒಯ್ದವಳಲ್ಲ. ಕೂಸುಗಳಿಗೆ ಎಂಥ ನೋವು ಇದ್ದೀತು ಎಂದು ನಾನೂ ಕೇಳಿರಲಿಲ್ಲ.

ತಿಕ್ಕುವವರ ಕೈಗೂ ಒಂದಿಷ್ಟು ಅಂಟಿಕೊಳ್ಳುತ್ತದೆ, ತುಪ್ಪದ ಡಬ್ಬಕ್ಕೆ ಜಿಡ್ಡು ಅಂಟಿದ ಹಾಗೆ. ಅದಕ್ಕೆ ಅವರವರು ವಾರಕ್ಕೊಮ್ಮೆ ಒಬ್ಬರಿಗೊಬ್ಬರು ಕೈ ತಿಕ್ಕಿ ತೆಗೆದುಕೊಳ್ಳುತ್ತಾರೆ. ಹಾಲವ್ವ ಮಾತ್ರ ಯಾರ ಕೈಗೂ ತನ್ನ ಕೈ ಕೊಟ್ಟವಳಲ್ಲ. "ಈ ಊರಾಗೆ ತಿಕ್ಕಾಕೆ ಯಾರಿಗೆ ಬರ್ತೈತೆ? ಆ ದಸ್ತಗಿರಿ ಎಮ್ಮೆ ಉಜ್ಜಿದಂಗೆ ಉಜ್ತಾನೆ" ಎನ್ನುತ್ತಿದ್ದಳು. ಹೀಗೆ ಅಂದುಕೊಂಡೇ ಅವಳ ಬೆರಳುಗಳು ಒಂದೊಂದಾಗಿ ಮಡಚಿದವು. ಹೋದ ವರ್ಷದ ಚಳಿಗಾಲಕ್ಕೆ ಎರಡು ಕೈಯೂ ಮುಷ್ಟಿಯಾದವು. ಹೆಬ್ಬೆರಳು ಒಳಗೆ, ಅದರ ಮೇಲೆ ನಾಲ್ಕು ಬೆರಳು. ಬಿಡಿಸಲು ಹೋದರೆ ಅವಳು ಬಾಯಿಗೆ ಬಂದದ್ದೆಲ್ಲ ಬಯ್ಯುತ್ತಿದ್ದಳು. ಊಟವನ್ನು ಸೊಸೆ ತಿನ್ನಿಸಬೇಕು. ಅದಕ್ಕಿಂತ ಹೆಚ್ಚಾಗಿ ಅವಳನ್ನು ಕೊರೆದದ್ದು ಹೊಸ ಕೂಸುಗಳನ್ನು ಬೇರೆಯವರು ಎರೆಯುವುದನ್ನು ನೋಡುತ್ತ ಕೂರುವುದು.

ಅಂಥ ಹೊತ್ತಿನಲ್ಲೇ ನನ್ನ ಮಗಳು ಸುವರ್ಣ ಹೆರಿಗೆಗೆ ಬಂದು ಹೆಣ್ಣು ಕೂಸು ಹಡೆದಳು. ಹಾಲವ್ವ ಬಂದು ನಮ್ಮ ಬಚ್ಚಲ ಬಾಗಿಲಲ್ಲಿ ಮಣೆ ಹಾಕಿಸಿಕೊಂಡು ಕೂತಳು. ನನ್ನ ಹೆಂಡತಿ ನಿಂಗಮ್ಮ ಎರೆಯುವುದು, ಹಾಲವ್ವ ಹೇಳಿಕೊಡುವುದು ಎಂದಾಯಿತು. ಊರಿನ ಸೊಸೆಯರಿಗೆಲ್ಲ ಹಾಲವ್ವ ಅತ್ತೆಯೇ.

"ಅದ್ಯಾಕೆ ನಿಂಗಿ, ಕೂಸು ಹಿಡ್ಕೊಂಡಿದೀಯೋ ಕುಡುಗೋಲು ಹಿಡ್ಕೊಂಡಿದೀಯೋ?"

"ಜಾರ್ತೈತೆ ಕಣತ್ತೆ, ಎಣ್ಣೆ."

"ಎಣ್ಣೆ ಜಾರದೆ ಅಂಟ್ತದೇನೆ? ಕತ್ತಿಗೆ ಕೈ ಕೊಡು. ಅಲ್ಲ, ಅದು ಹೊಟ್ಟೆ. ಕತ್ತು ಎಲ್ಲೈತೆ ಅಂತಾನೂ ನಾನೇ ತೋರಿಸ್ಬೇಕಾ?"

ತೋರಿಸಲು ಮುಷ್ಟಿ ಎತ್ತುತ್ತಿದ್ದಳು. ಮುಷ್ಟಿಯಲ್ಲಿ ಏನನ್ನೂ ತೋರಿಸಲು ಬರುವುದಿಲ್ಲ. ಆಗ ಸೆರಗಿನೊಳಗೆ ಕೈ ಇಟ್ಟುಕೊಳ್ಳುತ್ತಿದ್ದಳು. ಕೂಸು ಹಂಚು ಹಾರುವ ಹಾಗೆ ಅಳುತ್ತಿತ್ತು. ಐದನೆಯ ದಿನ ಹಾಲವ್ವ ಹೋಗುವಾಗ ನನ್ನನ್ನು ಕರೆದು, "ಚೌಡ, ನಾಳೆಯಿಂದ ನಾ ಬರಲ್ಲ ಕಣಪ್ಪ. ಕೈ ಇಲ್ದೋಳಿಗೆ ಬಚ್ಚಲಾಗೇನು ಕೆಲಸ?" ಎಂದಳು. ಬಯ್ಗುಳವಿಲ್ಲದೆ ಅವಳು ಆಡಿದ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ನನಗೆ ಹೆದರಿಕೆಯಾಯಿತು.

ಉಸ್ತಾದರ ಹತ್ತಿರ ಹೋದೆ. ಅವರು ಗಡ್ಡ ಕೆರೆದುಕೊಂಡರು. "ಕೈ ಕೊಟ್ರೆ ತೆಗೀಬಹುದು ಚೌಡಪ್ಪ. ಇಡೋದೆಲ್ಲಿ? ಐವತ್ತು ವರ್ಷದ್ದು. ನಿನ್ನ ಕಾಯಿ ತಡೀತದಾ?" ಎಂದರು. ತಡೆಯುವುದಿಲ್ಲ ಎಂದು ನನಗೂ ಗೊತ್ತಿತ್ತು. ಆದರೆ ಆ ವರ್ಷ ನನ್ನ ತಿಪ್ಪೆಯ ಪಕ್ಕದಲ್ಲಿ ಒಂದು ಬಳ್ಳಿ ಬೇರೆಯದೇ ಹುಮ್ಮಸ್ಸಿನಲ್ಲಿ ಹಬ್ಬಿತ್ತು. ಒಂದೇ ಕಾಯಿ ಬಿಟ್ಟು ಉಳಿದ ಹೀಚನ್ನೆಲ್ಲ ನಾನು ಮೊದಲೇ ಚಿವುಟಿದ್ದೆ, ಯಾಕೆಂದು ಕೇಳಿದರೆ ಸುಮ್ಮನೆ ಶೋಕಿಗೆ. ಅದು ಈಗ ಎಮ್ಮೆಗರು ಮಲಗಿದಷ್ಟು ದೊಡ್ಡದಾಗಿ, ಬೂದಿ ಬಳಿದುಕೊಂಡು, ಕೆಳಗೆ ಹುಲ್ಲಿನ ಹಾಸಿಗೆಯ ಮೇಲೆ ಬಿದ್ದುಕೊಂಡಿತ್ತು. ನಾಲ್ಕು ಜನ ಗೋಣಿತಾಟಿನಲ್ಲಿ ಹೊತ್ತು ನಡುಮನೆಗೆ ತಂದೆವು.

ಹಾಲವ್ವನನ್ನು ಒಪ್ಪಿಸಿದ್ದು ನಾನಲ್ಲ, ಕೂಸು. ನಿಂಗಮ್ಮ ಕೂಸನ್ನು ತಂದು ಅವಳ ಮಡಿಲಲ್ಲಿ ಇಟ್ಟು, "ನೋಡತ್ತೆ, ನನ್ನ ಕೈಯಾಗೆ ಇದರ ಮೂಗು ಬೋಂಡಾದಂಗೆ ಆಗ್ತೈತೆ. ನಾಳೆ ಹೆಣ್ಣು ನೋಡೋಕೆ ಬಂದೋರು ನಿನ್ನ ಹೆಸರು ಹೇಳ್ತಾರೆ" ಎಂದಳು. ಹಾಲವ್ವ ಕೂಸಿನ ಮೂಗನ್ನು ಬಹಳ ಹೊತ್ತು ನೋಡಿ, "ಕರೀರಿ ಆ ಎಮ್ಮೆ ಉಜ್ಜೋನ್ನ" ಎಂದಳು.

ಭಾನುವಾರ ಬೆಳಿಗ್ಗೆ ಉಸ್ತಾದರೂ ವನಜಾಕ್ಷಿ ಮೇಡಮ್ಮೂ ಬಂದರು. ಉಸ್ತಾದರು ಎಣ್ಣೆ ಬೆಚ್ಚಗೆ ಮಾಡಿ, ಹಾಲವ್ವನ ಬಲಗೈಯನ್ನು ತಮ್ಮ ಮೊಣಕಾಲ ಮೇಲೆ ಇಟ್ಟುಕೊಂಡು ತೋಳಿನಿಂದ ಕೆಳಕ್ಕೆ ಎಳೆಯತೊಡಗಿದರು.

"ಮೆಲ್ಲಕ್ಕೆ ಕಣೋ. ನಾನೇನು ಕುಸ್ತಿಗೆ ಹೋಗ್ಬೇಕಾ?"

"ಮಾತಾಡಬ್ಯಾಡ ಹಾಲಕ್ಕ, ನರ ಬಿಗಿ ಆಗ್ತದೆ."

"ನಾ ಮಾತಾಡದೆ ಹೋದ್ರೆ ಸತ್ತಿದೀನಿ ಅಂತ ಹೊತ್ಕೊಂಡು ಹೋದೀರಿ. ಹೆಬ್ಬೆರಳು ಉಪಯೋಗ್ಸು. ಮೊಣಕೈ ಅಲ್ಲ. ಹಾಂ. ಹಂಗೆ. ಅಷ್ಟು ಬರ್ತದಲ್ಲ, ಇಷ್ಟು ದಿನ ಯಾಕೆ ಎಮ್ಮೆ ಉಜ್ದೆ?"

ಮಣಿಕಟ್ಟಿನವರೆಗೆ ಬಂದ ನೋವು ಅಲ್ಲಿ ನಿಂತುಬಿಟ್ಟಿತು, ಎಡಗೈಯದೂ ಅದೇ ಕತೆ. ಉಸ್ತಾದರ ಹಣೆಯಿಂದ ಬೆವರು ಇಳಿಯಿತು. ಆಗ ಮೇಡಮ್ಮಿನ ಸರದಿ. ಹಾಲವ್ವನನ್ನು ಗೋಡೆಗೆ ಮುಖ ಮಾಡಿಸಿ, ಕಾಯನ್ನು ಅವಳ ಎದೆಗೆ ಒತ್ತಿ ನಾವು ನಾಲ್ವರು ಹಿಡಿದು ನಿಂತೆವು. ಮೇಡಮ್ ಚಪ್ಪಲಿ ಬಿಟ್ಟು ಸೀರೆಯ ನೆರಿಗೆ ಎತ್ತಿ ಹಿಡಿದು, "ಕ್ಷಮಿಸಿ ಅಜ್ಜಿ" ಎಂದರು.

"ಒದಿಯೋಳು ಒದಿ. ಏಳು ತಿಂಗಳು ನಿನ್ನ ಒದೆ ತಿಂದೇ ನಿನ್ನ ಎರೆದೋಳು ನಾನು."

ಒದೆ ಬಿತ್ತು. ಕಾಯಿ ನಮ್ಮ ನಾಲ್ವರ ಕೈಯಲ್ಲೂ ಒಮ್ಮೆ ನಡುಗಿತು. ಬಿರುಕು ಬಿಟ್ಟೀತೆಂದು ನಾನು ಕಣ್ಣು ಮುಚ್ಚಿಕೊಂಡೆ. ಬಿಡಲಿಲ್ಲ. ಕಣ್ಣು ತೆರೆದಾಗ ಹಾಲವ್ವ ಗೋಡೆಯ ಮೇಲೆ ಎರಡೂ ಅಂಗೈ ಊರಿ ನಿಂತಿದ್ದಳು, ಹತ್ತೂ ಬೆರಳು ಬಿಡಿಸಿಕೊಂಡು. ಅವಳು ನೇರ ಬಚ್ಚಲಿಗೆ ಹೋಗಿ, "ನಿಂಗೀ, ನೀರು ಕಾದೈತಾ?" ಎಂದು ಕೂಗಿದಳು. ಅವತ್ತು ಕೂಸು ಅಳಲಿಲ್ಲ, ಎರೆಸಿಕೊಂಡು ಹಾಗೇ ನಿದ್ದೆ ಹೋಯಿತು.

ಆ ಕಾಯಿ ಅಟ್ಟದ ಕಂಡಿಯಲ್ಲಿ ಹಿಡಿಸದ ಕಾರಣ ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಇಟ್ಟೆವು. ಒಂದು ವಿಚಿತ್ರ ಶುರುವಾದದ್ದು ಆಗ. ಮಧ್ಯಾಹ್ನ ಕೂಸು ತಣ್ಣಗೆ ಮಲಗಿರುವಾಗಲೂ ಮನೆಯಲ್ಲಿ ಸಣ್ಣಗೆ ಅಳು ಕೇಳಿಸುತ್ತಿತ್ತು. ಕುಟ್ಟುತ್ತಿದ್ದ ಒನಕೆ ಬಿಟ್ಟು ನಿಂಗಮ್ಮ ತೊಟ್ಟಿಲಿಗೆ ಓಡುವುದು, ಕೂಸು ಮಲಗಿರುವುದು, ಮತ್ತೆ ಕುಟ್ಟಲು ನಿಂತರೆ ಮತ್ತೆ ಅಳು. ಬೆಕ್ಕು ಮರಿ ಹಾಕಿರಬೇಕು ಎಂದು ಇಬ್ಬರೂ ತೀರ್ಮಾನಿಸಿದೆವು. ಹಾಲವ್ವನ ಕಿವಿಗೂ ಬಿದ್ದಿತು. ಅವಳು ಕೋಣೆಯ ಕಡೆ ಒಮ್ಮೆ ನೋಡಿ ಎಣ್ಣೆಬಟ್ಟಲು ಎತ್ತಿಕೊಂಡು ಹೋದಳು.

ಮುಂದಿನ ತಪ್ಪು ನನ್ನದೇ, ಬೇರೆ ಯಾರ ಮೇಲೂ ಹಾಕುವಂತಿಲ್ಲ. ತೊಟ್ಟಿಲ ಶಾಸ್ತ್ರಕ್ಕೆಂದು ಮನೆಗೆ ಸುಣ್ಣ ಬಳಿಸಿದೆ. ಬಳಿಯುವವರ ಕೈ ಧಾರಾಳ. ಅಟ್ಟದ ಕಾಯಿಗಳ ಮೇಲೂ, ಕೋಣೆಯ ಕಾಯಿಯ ಮೇಲೂ, ನನ್ನ ತಲೆಯ ಮೇಲೂ ಸುಣ್ಣದ ಚಿಮುಕು. ಯಾವುದು ಗೆರೆ ಯಾವುದು ಚಿಮುಕು ತಿಳಿಯದಂತಾಯಿತು. ಎಲ್ಲ ಕಾಯಿಗಳನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ, ನೆನಪಿಟ್ಟುಕೊಂಡು ಮತ್ತೆ ಗೆರೆ ಎಳೆದೆ, ಹೆಸರು ಬರೆದೆ. ಅರುವತ್ಮೂರು ಕಾಯಿ, ಒಂದೂ ತಪ್ಪಲಿಲ್ಲ. ಹಾಲವ್ವನ ಕಾಯಿಗೆ ಮಾತ್ರ ಎಳೆಯಲಿಲ್ಲ. ಅಷ್ಟು ದೊಡ್ಡ ಕಾಯನ್ನು ಗುರುತು ಹಿಡಿಯದವನು ಈ ಭೂಮಿಯ ಮೇಲೆ ಯಾವನಿದ್ದಾನೆ ಎಂದುಕೊಂಡೆ.

ಅವನ ಹೆಸರು ಸುಬ್ಬರಾಯ, ಹೊರಗಿನಿಂದ ಕರೆಸಿದ ಅಡುಗೆಯವನು. ನೂರೆಂಬತ್ತು ಎಲೆಗೆ ಕಾಶಿಹಲ್ವಾ, ಮಜ್ಜಿಗೆಹುಳಿ ಎಂದು ಅವನೇ ಪಟ್ಟಿ ಬರೆದಿದ್ದ. ಕುಂಬಳಕಾಯಿ ಎಲ್ಲಿದೆ ಎಂದು ಕೇಳಿದ. ಬೀಗರನ್ನು ಇಳಿಸಿಕೊಳ್ಳಲು ಬಸ್ಸಿನ ಹತ್ತಿರ ಓಡುತ್ತಿದ್ದ ನಾನು, ಹಿತ್ತಲಲ್ಲಿ ಹೊಸದಾಗಿ ಕಿತ್ತಿಟ್ಟ ಆರು ಕಾಯಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು, "ಸುಣ್ಣದ ಗೆರೆ ಇಲ್ಲದ್ದನ್ನ ತಗೊಳ್ಳಪ್ಪ, ಗೆರೆ ಇರೋದನ್ನ ಮುಟ್ಟಬೇಡ" ಎಂದು ಹೇಳಿ ಹೋದೆ. ಸುಬ್ಬರಾಯ ಬಹಳ ವಿಧೇಯ ಮನುಷ್ಯ. ಆಮೇಲೆ ಕೇಳಿದ್ದಕ್ಕೆ ಅವನು ಹೇಳಿದ್ದು ಇಷ್ಟೇ: "ಎತ್ತುವಾಗ ಮುಲುಗಿದ ಹಾಗಾಯ್ತು ಯಜಮಾನರೇ. ನನ್ನ ಸೊಂಟವೇ ಮುಲುಗಿತು ಅಂದ್ಕೊಂಡೆ."

ಹಲ್ವಾ ಅದ್ಭುತವಾಗಿತ್ತು. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಪಂಚಾಯ್ತಿ ಚೇರ್ಮನ್ ಓಂಕಾರಪ್ಪನವರು ಮೂರು ಸಲ ಹಾಕಿಸಿಕೊಂಡರು, ಮೂರನೆಯ ಸಲ "ಬೇಡ ಬೇಡ" ಎನ್ನುತ್ತ ಎಲೆಯ ಮೇಲೆ ಅಡ್ಡ ಹಿಡಿದ ಕೈಯನ್ನು ತಾವೇ ಸರಿಸಿಕೊಂಡರು. ಹಾಲವ್ವ ಸಿಹಿ ಮುಟ್ಟುವವಳಲ್ಲ, ಕೂಸನ್ನು ಎತ್ತಿಕೊಂಡು ಒಳಗಿದ್ದಳು. ಉಸ್ತಾದರಿಗೆ ಸಕ್ಕರೆ ಕಾಯಿಲೆ. ಉಳಿದಂತೆ ಎಲೆಗೆ ಕೂತವರೆಲ್ಲರೂ ತಿಂದೆವು. ಊಟ ಮುಗಿದು ಚೇರ್ಮನ್ನರು ಕೂಸಿಗೆ ಹರಸಲು ಮೈಕು ಹಿಡಿದರು.

"ಮಹಾಜನಗಳೇ" ಎಂದರು. ಅಷ್ಟರಲ್ಲಿ ಅವರ ಮುಖ ಒಂದು ಥರ ಆಯಿತು. ಕೆಳತುಟಿ ಮುಂದೆ ಬಂದು ನಡುಗಿತು. ಪಂಕ್ತಿಯ ತುದಿಯಿಂದ ತುದಿಗೆ ಎಲ್ಲರ ಕೆಳತುಟಿಯೂ ನಡುಗುತ್ತಿತ್ತು. ಪಾಯಸದ ಲೋಟಗಳು ಬಿದ್ದವು. ವೀಳ್ಯದೆಲೆ ಹಿಡಿದ ಕೈ ವೀಳ್ಯದೆಲೆಯ ಸಮೇತ ಮುಚ್ಚಿಕೊಂಡಿತು. ನನ್ನ ಕೈಯಲ್ಲಿ ಬೀಗರಿಗೆ ಕೊಡಬೇಕೆಂದಿದ್ದ ಶಲ್ಯವಿತ್ತು, ಕೊಡಲು ಬರಲಿಲ್ಲ. ಬೀಗರು ಎಳೆದರು, ನಾನು ಬಿಡಲಾರೆ, ಅವರೂ ಹಿಡಿದದ್ದನ್ನು ಬಿಡಲಾರರು, ಕೊನೆಗೆ ಶಲ್ಯವೇ ಹರಿಯಿತು. ನೂರೆಂಬತ್ತು ಜನರ ಬೆರಳುಗಳು ಚುಳುಚುಳು ಎನ್ನುತ್ತ ಮಡಚಿ ಮುಷ್ಟಿಯಾದವು. ಕೈತೊಳೆಯಲು ಹೋದವರು ಚೊಂಬನ್ನು ಎರಡು ಮುಷ್ಟಿಗಳ ನಡುವೆ ಕರಡಿಯ ಹಾಗೆ ಹಿಡಿದು ನಿಂತಿದ್ದರು. ಕೋಣೆಗೆ ಓಡಿ ನೋಡಿದೆ. ಹುಲ್ಲಿನ ಮೇಲೆ ಗುಂಡಗಿನ ಒಂದು ಗುರುತು ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ.

ಮೂರು ದಿನ ಊರಿನ ಕೆಲಸ ನಿಂತಿತು. ಗುಂಡಿ ಹಾಕಿಕೊಳ್ಳಲಾಗದೆ ಗಂಡಸರು ಶರ್ಟಿನ ಮೇಲೆ ಹಗ್ಗ ಸುತ್ತಿಕೊಂಡರು. ಹಸು ಕರೆಯಲು ಆಗದೆ ಡೈರಿಗೆ ಹಾಲು ಬರಲಿಲ್ಲ. ಹಾಲವ್ವ, ಉಸ್ತಾದ್, ಎಲೆಗೆ ಕೂರದ ಒಂದೆರಡು ಮಡಿವಂತರು ಮನೆಮನೆಗೆ ಹೋಗಿ ಕರೆದುಕೊಟ್ಟರು. ಉಸ್ತಾದರನ್ನು ತಿಕ್ಕಿ ಎಂದು ಕೇಳಿದರೆ, "ಎರಡು ಕೈಯಾಗೆ ಎಷ್ಟು ಕೈ ತಿಕ್ಲಿ? ಇಡೋಕೆ ಕಾಯಿ ಎಲ್ಲಿ?" ಎಂದು ನನ್ನ ಕಡೆ ತೋರಿಸುತ್ತಿದ್ದರು. ಕಿತ್ತಿಟ್ಟಿದ್ದ ಆರು ಕಾಯಿ ಮಜ್ಜಿಗೆಹುಳಿಗೆ ಹೋಗಿದ್ದವು, ಬಳ್ಳಿಯಲ್ಲಿ ಹೂವಷ್ಟೇ ಇತ್ತು. ಬೀಗರು ಮುಷ್ಟಿ ಬಿಗಿದುಕೊಂಡೇ ಬಸ್ಸು ಹತ್ತಿದರು, ಕಂಡಕ್ಟರ್ ಹೆದರಿಕೊಂಡು ಟಿಕೆಟ್ಟನ್ನೂ ಕೇಳಲಿಲ್ಲವಂತೆ.

ನಾಲ್ಕನೆಯ ದಿನ ಚೇರ್ಮನ್ನರು ಅರಳಿಕಟ್ಟೆಯ ಹತ್ತಿರ ಸಭೆ ಕರೆದರು. ಅವರ ಬಲ ಮುಷ್ಟಿಯಲ್ಲಿ ಮೈಕು ಇನ್ನೂ ಹಾಗೇ ಇತ್ತು. ಮೂರು ಪಾಲು ತಿಂದವರದ್ದು ಮೂರು ಪಟ್ಟು ಬಿಗಿ. ಅವತ್ತು ಊಟಕ್ಕೆ ಕೂರದೆ ಉಳಿದು, ತಂತಿ ಕತ್ತರಿಸಿಕೊಟ್ಟಿದ್ದ ಸೌಂಡ್ ಸರ್ವೀಸಿನ ಮಲ್ಲೇಶಿ ಮೈಕಿನ ಹಿಂದೆಯೇ ಮೂರು ದಿನದಿಂದ ಅವರ ಮನೆಯ ಜಗಲಿಯಲ್ಲಿ ಮಲಗಿ ಏಳುತ್ತಿದ್ದ.

"ನೋಡಿ" ಎಂದರು ಚೇರ್ಮನ್ನರು, ಅಭ್ಯಾಸಬಲದಿಂದ ಮೈಕನ್ನು ಬಾಯಿಯ ಹತ್ತಿರ ತಂದು. "ಚೌಡಪ್ಪ ಮಾಡಿದ್ದು ತಪ್ಪು. ಅದು ಆಮೇಲೆ ವಿಚಾರ ಮಾಡೋಣ. ಮೊದಲು ನೋವು ಯಾರದು? ಹಾಲವ್ವನದು. ಅವರವರ ನೋವು ಅವರವರು ಇಟ್ಕೋಬೇಕು, ಅದು ನ್ಯಾಯ. ಹಾಲವ್ವ ನಮ್ಮ ಕೈ ಮುಟ್ಟಿ ಎಳ್ಕೊಂಡ್ರೆ ಅರ್ಧ ದಿನದ ಕೆಲಸ."

ಜನ ಹೌದು ಹೌದು ಎಂದರು. ನಾನು ತಲೆ ಎತ್ತಲಿಲ್ಲ. ಹೌದೆಂದವರ ಮೇಲೆ ನನಗೆ ಸಿಟ್ಟೂ ಬರಲಿಲ್ಲ. ನನ್ನ ಬೆರಳೂ ನೋಯುತ್ತಿತ್ತು. ಆದರೆ ಮತ್ತೆ ಆ ಕೈಗಳು ಮುಚ್ಚಿಕೊಂಡರೆ ಇನ್ನು ತೆರೆಯುವ ಹಾಗಿಲ್ಲ ಎಂಬುದು ಅಲ್ಲಿದ್ದ ಎಲ್ಲರಿಗಿಂತ ಕಾಯಿ ಬೆಳೆಯುವ ನನಗೆ ಚೆನ್ನಾಗಿ ಗೊತ್ತಿತ್ತು. ಅಂಥ ಕಾಯಿ ಎರಡನೆಯದು ಬಿಡುವುದಿಲ್ಲ.

ಹಾಲವ್ವ ಕೂಸನ್ನು ಎತ್ತಿಕೊಂಡೇ ಬಂದಿದ್ದಳು. ಅದನ್ನು ನಿಂಗಮ್ಮನ ತೊಡೆಗೆ ದಾಟಿಸಿ, ಕಟ್ಟೆ ಹತ್ತಿ ಕಾಲು ಚಾಚಿ ಕೂತಳು, ಎರೆಯಲು ಕೂರುವ ಹಾಗೆ. ಎರಡೂ ಅಂಗೈ ಬಿಚ್ಚಿ ಮುಂದಿಟ್ಟಳು.

"ಬರ್ರಪ್ಪ. ಸಾಲಾಗಿ ಬರ್ರಿ. ತಗೋತೀನಿ. ಒಂದ್ಸಲ ತಗೊಂಡಿದ್ದನ್ನೇ ಇನ್ನೊಂದ್ಸಲ ತಗೊಳ್ಳೋದಕ್ಕೆ ನಂಗೇನು?"

"ಒಂದು ಸಲ ಅಂದ್ರೆ?" ಎಂದರು ಚೇರ್ಮನ್ನರು.

"ನಿಮ್ಮ ಮುಷ್ಟಿ ನೋಡ್ಕೊಳ್ರೋ. ಹೆಬ್ಬೆರಳು ಎಲ್ಲೈತೆ?"

ಎಲ್ಲರೂ ನೋಡಿಕೊಂಡರು. ಹೆಬ್ಬೆರಳು ಒಳಗಿತ್ತು.

"ಹಂಗೆ ಮುಷ್ಟಿ ಹಿಡಿಯೋರು ಯಾರು?"

ನಿಂಗಮ್ಮನ ತೊಡೆಯ ಮೇಲೆ ನನ್ನ ಮೊಮ್ಮಗಳು ಆಕಳಿಸಿ, ಎರಡು ಮುಷ್ಟಿಗಳನ್ನು ಮೇಲಕ್ಕೆ ಎತ್ತಿದಳು. ಹೆಬ್ಬೆರಳು ಒಳಗೆ, ಮೇಲೆ ನಾಲ್ಕು ಬೆರಳು.

"ಹುಟ್ಟಿ ಬರೋ ದಾರಿ ಕಷ್ಟದ್ದು ಕಣ್ರೋ" ಎಂದಳು ಹಾಲವ್ವ. "ಮೈಯೆಲ್ಲಾ ಹಿಂಡಿಸ್ಕೊಂಡು ಬಂದಿರ್ತವೆ. ಒಂದೊಂದರದ್ದು ಕಡ್ಲೆಕಾಳಿನಷ್ಟು. ಅದನ್ನ ಒಂದ್ಸಲ ಕಾಯಿಗೆ ಇಟ್ಟು ನೋಡ್ದೆ. ಅಟ್ಟದ ಮ್ಯಾಲೆ ಹಗಲೂ ರಾತ್ರಿ ಅಳ್ತಂತೆ. ಮೂರನೇ ದಿನ ಈ ಚೌಡನ ಅಪ್ಪ, ಕಣ್ಣೆಲ್ಲ ಕೆಂಪು ಮಾಡ್ಕೊಂಡು ಬಂದು, ತಗೊಳ್ಳವ್ವ ನಿನ್ನ ಕಾಯಿ, ನಮ್ಮನ್ನ ಮಲಗಾಕೆ ಬಿಡು ಅಂತ ವಾಪಸ್ ಕೊಟ್ಟೋದ. ಇನ್ನೆಲ್ಲಿ ಇಡ್ಲಿ? ಕೈಯಾಗೇ ಇಟ್ಕೊಂಡೆ. ನಿಂದು, ನಿಂದು, ನಿಮ್ಮಕ್ಕಂದು, ಎಲ್ಲಾ. ಈಗ ನಿಮ್ಮದು ನಿಮ್ಮ ಹತ್ರ ಬಂದೈತೆ. ನಿಂದೋ ಪಕ್ಕದೋನದೋ ಹೇಳಾಕಾಗಲ್ಲ, ಹಲ್ವಾದಾಗೆ ಕಲಸಿಹೋಗೈತೆ. ಬರ್ರಿ, ಯಾರು ಮೊದಲು?"

ಸಾಲಿನಲ್ಲಿ ಮೊದಲು ನಿಂತಿದ್ದವನು ಅಂಗಡಿ ತಿಪ್ಪೇಸ್ವಾಮಿ. ಅವನನ್ನು ಮೇಲಿಂದ ಕೆಳಗೆ ನೋಡಿ ಹಾಲವ್ವ, "ನಿನ್ನ ತಲೆ ಸೋರೆಕಾಯಂಗೆ ಉದ್ದ ಇತ್ತು ಕಣೋ. ನಿಮ್ಮಪ್ಪ ಮುಖ ತಿರುಗಿಸ್ಕೊಂಡು ಹೊರಗೆ ಹೋಗಿದ್ದ. ಆರು ತಿಂಗಳು ತಟ್ಟಿದೀನಿ. ಕೊಡು ಕೈ" ಎಂದಳು. ತಿಪ್ಪೇಸ್ವಾಮಿ ತನ್ನ ಗುಂಡಗಿನ ತಲೆಯನ್ನು ಮುಷ್ಟಿಯಿಂದ ಒಮ್ಮೆ ಸವರಿಕೊಂಡ. "ನಂದೇನು ಅಷ್ಟು ನೋವಿಲ್ಲ ಬಿಡವ್ವ, ಹೋಗ್ತೈತೆ" ಎಂದು ಹಿಂದಕ್ಕೆ ಸರಿದ. ಅವನ ಹಿಂದೆ ನಿಂತಿದ್ದವಳು ಹೂವಿನ ಕಮಲಿ. "ನೀನು ಬಾಯಿ ತೆಗೆದ್ರೆ ಸಂಜೆ ತನಕ ಮುಚ್ತಿರ್ಲಿಲ್ಲ" ಎಂದಳು ಹಾಲವ್ವ. "ಈಗ್ಲೂ ಮುಚ್ಚಲ್ಲ" ಎಂದ ಅವಳ ಗಂಡ. ಕಮಲಿ ಕೈ ಕೊಡಲಿಲ್ಲ, ಮುಷ್ಟಿಯಲ್ಲೇ ಗಂಡನಿಗೊಂದು ಗುದ್ದಿ ಅವನನ್ನೂ ಎಳೆದುಕೊಂಡು ಹೋದಳು. ಆಮೇಲೆ ಸಾಲು ಹಿಂದಿನಿಂದಲೇ ಕರಗತೊಡಗಿತು. ಯಾರಿಗೋ ಹಸುವಿನ ನೆನಪಾಯಿತು, ಯಾರಿಗೋ ಒಲೆಯ ಮೇಲಿಟ್ಟ ಹಾಲಿನದು. ತಮ್ಮ ಮೂಗಿನ ವಿಷಯವನ್ನು ಊರ ಮುಂದೆ ಕೇಳಲು ಇಷ್ಟವಿಲ್ಲದವರು ಮೊದಲು ಹೋದರು.

ಕೊನೆಗೆ ಉಳಿದವರು ಚೇರ್ಮನ್ನರು, ಅವರ ಹಿಂದೆ ಮೈಕಿಗಾಗಿ ಮಲ್ಲೇಶಿ. ಚೇರ್ಮನ್ನರು ಕಟ್ಟೆಯ ಹತ್ತಿರ ಬಂದು ದನಿ ತಗ್ಗಿಸಿ, "ನನ್ನದು ಹೆಂಗಿತ್ತವ್ವ?" ಎಂದು ಕೇಳಿದರು.

"ನಿಂದಾ?" ಹಾಲವ್ವ ನೆನಪು ಮಾಡಿಕೊಂಡಳು. "ನಿಂದು ಎಲ್ಲಾ ಸರಿಯಾಗೇ ಇತ್ತಪ್ಪ. ಕೈಗೆ ಸಿಕ್ಕಿದ್ದನ್ನ ಮಾತ್ರ ಬಿಡ್ತಿರಲಿಲ್ಲ. ನನ್ನ ಸೆರಗು ಹಿಡ್ಕೊಂಡ್ರೆ ಒಂದು ಗಳಿಗೆ ಹಂಗೇ ಕೂರಬೇಕಿತ್ತು."

ಚೇರ್ಮನ್ನರ ಕೆಳತುಟಿ ಮತ್ತೆ ಮುಂದೆ ಬಂತು. ಅದು ಹಲ್ವಾದ ಕೆಲಸವೋ ಅವರದೇ ಸ್ವಂತದ್ದೋ ನನಗೆ ತಿಳಿಯಲಿಲ್ಲ. "ಹಂಗಾದ್ರೆ ಬೇಡ ಬಿಡವ್ವ. ಇರ್ಲಿ ನನ್ನ ಹತ್ರಾನೇ" ಎಂದರು. "ಮೂರು ಪಾಲೂ?" ಎಂದಳು ಹಾಲವ್ವ. "ಮೂರೂ" ಎಂದರು. ಆಗ ಹಾಲವ್ವ ಅವರ ಮುಷ್ಟಿಯನ್ನು ತನ್ನ ಎಡಗೈಯಲ್ಲಿ ಇಟ್ಟುಕೊಂಡು, ಏನನ್ನೂ ಎಳೆದುಕೊಳ್ಳದೆ, ಹಿಂಗೈಯನ್ನು ಬಲಗೈಯ ಎರಡು ಬೆರಳಿನಿಂದ ಮೆಲ್ಲಗೆ ಮಣಿಕಟ್ಟಿನ ಕಡೆಗೆ ಸವರಿದಳು. ಮಲಗಿದ ಕೂಸಿನ ಕೈಯಿಂದ ಆಟಿಕೆ ಬಿಡಿಸಿಕೊಳ್ಳುವಾಗ ಸವರುತ್ತಾರಲ್ಲ, ಹಾಗೆ. ಬೆರಳುಗಳು ತಾವಾಗಿ ಬಿಚ್ಚಿಕೊಂಡವು. ಮೈಕು ಮಲ್ಲೇಶಿಯ ತೋಳಿಗೆ ಬಿತ್ತು, ಅವನು ಅದನ್ನು ಅಪ್ಪಿಕೊಂಡು ಓಡಿದ.

"ನೋವು ಹೋಗಲ್ಲ, ಮುಷ್ಟಿ ಬಿಚ್ಕೊಳ್ತದೆ" ಎಂದಳು ಹಾಲವ್ವ. "ತಾನೇ ಸವರಿಕ್ಕಂಡ್ರೆ ಆಗಲ್ಲ. ಬೇರೆಯವರೇ ಸವರಬೇಕು. ಹೋಗಿ ಎಲ್ಲಾರ್ಗೂ ಹೇಳು."

ಈಗ ನಮ್ಮೂರಲ್ಲಿ ಬೆಳಿಗ್ಗೆ ಎದ್ದ ತಕ್ಷಣ ಬೆರಳು ಬಿಗಿದಿರುತ್ತವೆ, ಯಾರಾದರೂ ಸವರಿಕೊಡದೆ ಗುಂಡಿ ಹಾಕಲು ಬರುವುದಿಲ್ಲ. ಗಂಡ ಹೆಂಡತಿ ಸವರಿಕೊಳ್ಳುತ್ತಾರೆ. ಒಬ್ಬಂಟಿಗಳು ಬಾಗಿಲಿಗೆ ಬಂದು ಎದುರುಮನೆಯವರಿಗೆ ಕೈ ಚಾಚುತ್ತಾರೆ. ಬೇಲಿಯ ವಿಷಯಕ್ಕೆ ಎಂಟು ವರ್ಷದಿಂದ ಮಾತು ಬಿಟ್ಟಿದ್ದ ತಿಪ್ಪೇಸ್ವಾಮಿಯೂ ಅವನ ಪಕ್ಕದ ಮನೆಯವನೂ ಈಗಲೂ ಮಾತಾಡುವುದಿಲ್ಲ, ಆದರೆ ಬೇಲಿಯ ಮೇಲಿಂದ ಮುಖ ಅತ್ತ ತಿರುಗಿಸಿ ಕೈ ಇತ್ತ ಕೊಡುತ್ತಾರೆ. ಬೀಗರ ಊರಿನಿಂದ ಮಾತ್ರ ಫೋನು ನಿಂತಿಲ್ಲ. ನಿಮ್ಮೂರಿನವರ ಕೂಸುತನ ನಾವೇಕೆ ಹೊರಬೇಕು ಎಂದು ಕೇಳುತ್ತಾರೆ. ಹಲ್ವಾ ಚೆನ್ನಾಗಿತ್ತೋ ಇಲ್ಲವೋ ಎಂದು ನಿಂಗಮ್ಮ ತಿರುಗಿ ಕೇಳುತ್ತಾಳೆ.

ಹಾಲವ್ವನ ಹತ್ತು ಬೆರಳೂ ನೆಟ್ಟಗಿವೆ. ದಿನಾ ಬಂದು ನನ್ನ ಮೊಮ್ಮಗಳನ್ನು ಎರೆಯುತ್ತಾಳೆ, ಮೂಗು ತಿದ್ದುತ್ತಾಳೆ, ನಿಂಗಮ್ಮನನ್ನು ಬಯ್ಯುತ್ತಾಳೆ. ಹೋದ ತಿಂಗಳು ಎರೆದು ಮುಗಿಸಿ, ಒದ್ದೆ ಸೀರೆಯಲ್ಲೇ ನನ್ನ ಹತ್ತಿರ ಬಂದು ನಿಂತಳು. ಒಂದು ಕೈ ಮುಚ್ಚಿಕೊಂಡಿತ್ತು. "ಚೌಡ, ಇಷ್ಟೇ ಇಷ್ಟು ಐತೆ. ಒಂದು ಸಣ್ಣ ಕಾಯಿ ಕೊಡ್ತೀಯಾ? ಅಳ್ತೈತೆ ಮತ್ತೆ, ಈಗ್ಲೇ ಹೇಳಿದೀನಿ" ಎಂದಳು. ಐವತ್ತು ವರ್ಷದಲ್ಲಿ ಅವಳು ಕೂಸಿಗೆಂದು ನಮ್ಮ ಮನೆಯಲ್ಲಿ ಕೇಳಿದ ಎರಡನೆಯ ಕಾಯಿ ಅದು. ಹಿತ್ತಲಿಗೆ ಓಡಿ ಇದ್ದುದರಲ್ಲಿ ಒಳ್ಳೆಯದನ್ನು ಕಿತ್ತು ತಂದೆ.

ನಿಜವಾಗಿಯೂ ಅಳುತ್ತದೆ. ಅಟ್ಟದಲ್ಲಿ ಇಟ್ಟರೆ ಇನ್ನೂ ಹೆಚ್ಚು, ಅಲ್ಲಿ ಕತ್ತಲೆಯಲ್ಲವೇ. ಅದಕ್ಕೆ ಕೆಳಗೆ ಹಳೆಯ ಸೀರೆಯ ಜೋಲಿ ಕಟ್ಟಿ ಅದರಲ್ಲಿ ಹಾಕಿದ್ದೇವೆ. ಮಧ್ಯಾಹ್ನ ಕೂಸನ್ನು ನಿಂಗಮ್ಮ ತೂಗುತ್ತಾಳೆ, ಕಾಯನ್ನು ನಾನು ತೂಗುತ್ತೇನೆ. ಕೂಸು ಬೇಗ ಮಲಗುತ್ತದೆ, ಕಾಯಿಗೆ ಸ್ವಲ್ಪ ಹೊತ್ತು ಬೇಕು. ಸುಣ್ಣದ ಗೆರೆಯನ್ನು ಮಾತ್ರ ಈ ಸಲ ಸುತ್ತಲೂ ಎಳೆದಿದ್ದೇನೆ.